ದಿನಕ್ಕೆ ಒಂದು ಲೀಟರ್

ಈಸ್ಟರ್ ಕಳೆದ ಮಂಗಳವಾರ ಬೆಳಗ್ಗೆ ಆರೂವರೆಗೆ ಡಯಾಲಿಸಿಸ್ ವಾರ್ಡಿನ ತೂಕದ ಯಂತ್ರದ ಮೇಲೆ ನಿಂತಿದ್ದೆ. ಚಪ್ಪಲಿ ಬಿಟ್ಟು, ಮೊಬೈಲು, ಬೀಗದ ಕೈ ಎಲ್ಲ ತೆಗೆದಿಟ್ಟೇ ಹತ್ತಿದ್ದೆ. ಆದರೂ 61.2 ತೋರಿಸಿತು. ನನ್ನ ಒಣ ತೂಕ 58 ಕೆಜಿ. ಮೈಯಲ್ಲಿ ಬೇಡದ ನೀರು ಇಲ್ಲದಾಗ ಇರಬೇಕಾದ ತೂಕವೇ ಒಣ ತೂಕ. ನಮ್ಮಂಥವರಿಗೆ ಜಾತಕ, ಗೋತ್ರ ಎಲ್ಲ ಅದೇ.

"ಏನ್ ಕುಡಿದ್ರಿ?" ಅಂದರು ಸಿಸ್ಟರ್.

"ಏನೂ ಇಲ್ಲ ಸಿಸ್ಟರ್."

"ಮೂರು ಕೆಜಿ ಇನ್ನೂರು ಗ್ರಾಂ ಗಾಳಿ ಕುಡಿದ್ರಾ?"

ಒಪ್ಪಿಕೊಂಡೆ. ಬಿರಿಯಾನಿ, ಅದರ ಜೊತೆ ಮೊಸರುಬಜ್ಜಿ. ಸಂಜೆ ಭಾವಮೈದನ ಮನೆಯಲ್ಲಿ ಅರ್ಧ ಲೋಟ ದ್ರಾಕ್ಷಿ ಜ್ಯೂಸು. ಸೋಮವಾರ ಉಳಿದ ಬಿರಿಯಾನಿ. ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕು ಅನ್ನುವುದನ್ನು ಗಾದೆ ಅಂದುಕೊಂಡಿದ್ದೆ. ಅದು ವೈದ್ಯಕೀಯ ಸತ್ಯ.

"ಹಬ್ಬ ಅಂತ ಕಿಡ್ನಿಗೆ ಗೊತ್ತಾಗುತ್ತಾ?"

"ಅದಕ್ಕೆ ಏನೂ ಗೊತ್ತಾಗದೆ ಎರಡು ವರ್ಷ ಆಯ್ತು ಸಿಸ್ಟರ್."

ನಕ್ಕರು. ನಗುತ್ತಲೇ ಎರಡು ಸೂಜಿ ಚುಚ್ಚಿದರು.

ನಮ್ಮ ಕಥೋಲಿಕರಲ್ಲಿ ಸಿಸ್ಟರ್ ಅಂದರೆ ಕನ್ಯಾಸ್ತ್ರೀಯರು. ಪಾಪ ಹೇಳಿಕೊಳ್ಳುವುದು ಪಾದ್ರಿಗಳ ಹತ್ತಿರ. ಇಲ್ಲಿ ಎರಡೂ ಒಬ್ಬರೇ. ಇವರ ಹತ್ತಿರ ಸುಳ್ಳು ಹೇಳಿ ಪ್ರಯೋಜನವೂ ಇಲ್ಲ, ಕಾಟಾ ಮೊದಲೇ ಹೇಳಿಬಿಟ್ಟಿರುತ್ತದೆ.

ನಾನು ಮೈಸೂರಿನವನು. ಸಂತ ಫಿಲೋಮಿನಾ ಚರ್ಚಿನ ಗೋಪುರ ಕಾಣುವಷ್ಟು ಹತ್ತಿರದಲ್ಲಿ ಒಂದು ಚಿಕ್ಕ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ವಯಸ್ಸು 52. ನಮ್ಮದು ತಲೆತಲಾಂತರದಿಂದ ಕನ್ನಡದ ಕಥೋಲಿಕರ ಮನೆ. ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ನಾಲ್ಕು ಗಂಟೆ ರಕ್ತ ತೊಳೆಯುವ ಯಂತ್ರಕ್ಕೆ ಕೈ ಕೊಟ್ಟು ಮಲಗುತ್ತೇನೆ. ಮಧ್ಯಾಹ್ನ ಮನೆಯಲ್ಲಿ ಹೆಣದ ಹಾಗೆ ಬಿದ್ದಿರುತ್ತೇನೆ. ಸಂಜೆ ಅಂಗಡಿ ತೆಗೆಯುತ್ತೇನೆ. ದಿನಕ್ಕೆ ಒಂದು ಲೀಟರ್ ನೀರು ಕುಡಿಯಬಹುದು. ಅದರಲ್ಲೇ ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು ಎಲ್ಲ ಸೇರಿತು. ಬಾಳೆಹಣ್ಣು ಕೂಡದು. ಎಳನೀರಂತೂ ಕೂಡದೇ ಕೂಡದು, ಅದರಲ್ಲಿರುವ ಪೊಟ್ಯಾಸಿಯಂ ನಮ್ಮ ಹೃದಯವನ್ನೇ ನಿಲ್ಲಿಸಿಬಿಡಬಹುದು. ತರಕಾರಿ ಬೇಯಿಸಿ ನೀರು ಬಸಿದು ಚೆಲ್ಲಬೇಕು. ನಂಜನಗೂಡು ರಸಬಾಳೆಯ ಊರ ಪಕ್ಕ ಇದ್ದುಕೊಂಡು ಬಾಳೆಹಣ್ಣು ಬಿಡುವುದಿದೆಯಲ್ಲ, ಅದೇ ಒಂದು ತಪಸ್ಸು.

ಈ ವರ್ಷ ಬೂದಿ ಬುಧವಾರ, ಈಸ್ಟರಿಗೆ ಮುಂಚಿನ ನಮ್ಮ ಉಪವಾಸದ ತಪಸ್ಸುಕಾಲ ಶುರುವಾಗುವ ದಿನ, ಫೆಬ್ರವರಿ 18ಕ್ಕೆ ಬಂತು. ರಂಜಾನ್ ತಿಂಗಳೂ ಅದರ ಜೊತೆಜೊತೆಗೇ ಶುರುವಾಯಿತು. ನನ್ನ ಎಡಗಡೆ ಹಾಸಿಗೆಯಲ್ಲಿ ಮಂಡಿ ಮೊಹಲ್ಲಾದ ಭಾಯ್ ಒಬ್ಬರಿದ್ದಾರೆ. ಅವರಿಗೂ ಉಪವಾಸ ಇಲ್ಲ, ನನಗೂ ಇಲ್ಲ. ಕಾಯಿಲೆಯವರಿಗೆ ಎರಡೂ ಕಡೆ ವಿನಾಯಿತಿ. ಹಾಗಂತ ನಮಗೆ ಖುಷಿಯೇನೂ ಆಗಲಿಲ್ಲ. "ಮನೆಯೋರೆಲ್ಲ ಬೆಳಗಿನ ಜಾವ ಸಹರಿ ಊಟಕ್ಕೆ ಏಳ್ತಾರೆ, ನಾನು ಡಯಾಲಿಸಿಸ್‌ಗೆ ಏಳ್ತೀನಿ ಅಷ್ಟೆ" ಅಂದರು ಭಾಯ್. ಪಾಪ, ಅವರ ದನಿ ಸಣ್ಣಗಾಗಿತ್ತು. ವರ್ಷಪೂರ್ತಿ ನೀರು ಬಿಟ್ಟವರಿಗೆ ನೀರು ಬಿಡುವ ತಿಂಗಳಲ್ಲಿ ಮಾತ್ರ ರಜೆ.

ಬಾಯಾರಿಕೆಯನ್ನು ಯಾಮಾರಿಸಲು ಎಲ್ಲರ ಹತ್ತಿರವೂ ಒಂದೊಂದು ಉಪಾಯ ಇದೆ. ಭಾಯ್ ಏಲಕ್ಕಿ ಜಗಿಯುತ್ತಾರೆ. ನಾನು ಚಿಕ್ಕ ಲೋಟ ಬಳಸುತ್ತೇನೆ, ದೊಡ್ಡ ಲೋಟದಲ್ಲಿ ಸ್ವಲ್ಪ ಕುಡಿಯುವುದು ನನ್ನಿಂದ ಆಗದ ಕೆಲಸ. ನನ್ನ ಹೆಂಡತಿ ಬೆಳಗ್ಗೆ ಒಂದು ಲೀಟರ್ ಬಾಟಲಿ ತುಂಬಿ ಅಡುಗೆಮನೆ ಕಟ್ಟೆಯ ಮೇಲೆ ಇಡುತ್ತಾಳೆ. ನಾನು ಏನು ಕುಡಿದರೂ, ಕಾಫಿಯಾದರೂ ಸರಿ, ಅಷ್ಟು ನೀರನ್ನು ಬಾಟಲಿಯಿಂದ ತೆಗೆದು ತುಳಸಿ ಗಿಡಕ್ಕೆ ಹಾಕುತ್ತಾಳೆ. (ಕಥೋಲಿಕರ ಮನೆಯಲ್ಲಿ ತುಳಸಿಯಾ ಅಂತ ಕೇಳಬೇಡಿ. ಕೆಮ್ಮಿಗೆ ಬೇಕಾಗುತ್ತೆ.) ಬಾಟಲಿ ಖಾಲಿಯಾದರೆ ಆ ದಿನದ್ದು ಮುಗಿಯಿತು. ರಾತ್ರಿಗೆ ಫ್ರಿಜ್ಜಿನ ಐಸ್ ಟ್ರೇಯಿಂದ ಒಂದು ಗಡ್ಡೆ. ನಾಲಿಗೆಯ ಮೇಲೆ ಇಟ್ಟುಕೊಂಡು, ಕಚ್ಚದೆ, ಅದು ತಾನಾಗಿ ಕರಗುವ ತನಕ ಕಾಯುತ್ತೇನೆ. ಚಿಕ್ಕವನಾಗಿದ್ದಾಗ ಚರ್ಚಿನಲ್ಲಿ ಪರಮಪ್ರಸಾದದ ತೆಳು ಬಿಲ್ಲೆ ತೆಗೆದುಕೊಂಡು ಬಂದರೆ ಅಮ್ಮ ಕಿವಿಯಲ್ಲಿ ಹೇಳುತ್ತಿದ್ದುದು ಹೀಗೆಯೇ. "ಕಚ್ಚಬೇಡ. ಕರಗಲಿ ಬಿಡು."

ಹೊಸತರಲ್ಲಿ ಯಾರೋ ಒತ್ತಾಯ ಮಾಡಿ ಒಂದು ಧ್ಯಾನಕೂಟಕ್ಕೆ ಕರೆದುಕೊಂಡು ಹೋದರು. ಬೋಧನೆ ಮಾಡುತ್ತಿದ್ದವರು ನನ್ನ ಕೈ ಹಿಡಿದು, ಸಾಸಿವೆ ಕಾಳಿನಷ್ಟು ವಿಶ್ವಾಸ ಇದ್ದರೆ ಬೆಟ್ಟವೇ ಸರಿಯುತ್ತದೆ, ಕಿಡ್ನಿ ಯಾವ ಲೆಕ್ಕ ಅಂದರು. ಮುಂದಿನ ಭಾನುವಾರಕ್ಕೆ ಯಂತ್ರ ಬೇಕಾಗುವುದಿಲ್ಲ ಅಂತಲೂ ಹೇಳಿದರು. ನನಗೆ ಮಂಗಳವಾರವೇ ಬೇಕಿತ್ತು. ಗೇಟಿನ ಹತ್ತಿರ ಬಂದವನಿಗೆ ಅಳು ಬಂತು. ಕಿಡ್ನಿ ಹೋಗಿದ್ದರ ಜೊತೆ ವಿಶ್ವಾಸವೂ ಸಾಲಲಿಲ್ಲ ಅನ್ನುವ ಮಾತು ಬೇರೆ ಕೇಳಬೇಕಾಯಿತಲ್ಲ ಅಂತ. ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಈಗ 76. ಅವರು ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. "ಬೆಟ್ಟ ಸರ್ಸೋದು ಹಾಗಿರ್ಲಿ ಮಗ. ನಾಳೆ ಆರು ಗಂಟೆಗೆ ಎದ್ದು ಹೋಗ್ತೀಯಲ್ಲ, ಅದು ವಿಶ್ವಾಸ ಅಲ್ದೆ ಇನ್ನೇನು?" ಅಂದರು. ಆಮೇಲೆ ಒಂದು ಕಲ್ಲು ಸಿಕ್ಕಿತು ಅಂತ ಅದನ್ನು ಕಿಟಕಿಯಿಂದ ಆಚೆ ಎಸೆದರು.

ಆ ಮಾತು ಅರ್ಥವಾಗಲು ನನಗೆ ಸುಮಾರು ತಿಂಗಳೇ ಹಿಡಿಯಿತು. ಅರ್ಥವಾಗಿದ್ದು ಬೈಬಲ್ಲಿನ ಮನ್ನದ ಕಥೆಯಿಂದ. ಇಸ್ರಯೇಲರು ಮರಳುಗಾಡಿನಲ್ಲಿದ್ದಾಗ ಆಕಾಶದಿಂದ ಮನ್ನ ಅನ್ನುವ ಆಹಾರ ಬೀಳುತ್ತಿತ್ತು. ಆ ದಿನಕ್ಕೆ ಎಷ್ಟು ಬೇಕೋ ಅಷ್ಟೇ ಆರಿಸಿಕೊಳ್ಳಬೇಕು. ನಾಳೆಗೂ ಇರಲಿ ಅಂತ ಎತ್ತಿಟ್ಟರೆ ಹುಳ ಬಿದ್ದು ನಾರುತ್ತಿತ್ತು. ನನ್ನ ರಕ್ತವೂ ಹಾಗೆಯೇ. ಗುರುವಾರ ಮಧ್ಯಾಹ್ನ ಶುದ್ಧ. ಶುಕ್ರವಾರ ಸಂಜೆ ಹೊತ್ತಿಗೆ ಕೆಡಲು ಶುರು. ಒಂದು ವಾರಕ್ಕೆ ಆಗುವಷ್ಟು ಒಟ್ಟಿಗೆ ತೊಳೆದುಬಿಡಿ ಅಂದರೆ ಆಗುವುದಿಲ್ಲ. "ಅನುದಿನದ ಆಹಾರ" ಅಂತ ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ಪ್ರಾರ್ಥನೆಯಲ್ಲಿ "ಇಂದು" ಅನ್ನುವ ಪದ ಇರುವುದನ್ನು ಐವತ್ತು ವರ್ಷ ಗಮನಿಸಿರಲೇ ಇಲ್ಲ. ಕಥೆಯಲ್ಲಿ ಇನ್ನೊಂದು ಮಾತಿದೆ. ಸಬ್ಬತ್ತಿಗೆ, ಅಂದರೆ ವಿಶ್ರಾಂತಿಯ ದಿನಕ್ಕೆ, ಮುಂಚಿನ ದಿನ ಮಾತ್ರ ಎರಡು ದಿನದ್ದು ಆರಿಸಿಕೊಳ್ಳಬಹುದಿತ್ತು, ಅದು ಕೆಡುತ್ತಿರಲಿಲ್ಲ. ನಮಗೆ ಆ ರಿಯಾಯಿತಿ ಇಲ್ಲ. ಶನಿವಾರ ಆದ ಮೇಲೆ ಭಾನುವಾರ, ಸೋಮವಾರ ಎರಡು ದಿನ ತಳ್ಳಬೇಕು. ಮಂಗಳವಾರ ಬೆಳಗ್ಗೆ ಮುಖ ಊದಿರುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ಈ ವಿಷಯವಾಗಿ ದೇವರ ಹತ್ತಿರ ನನ್ನ ತಕರಾರು ಇದ್ದೇ ಇದೆ. ವಾಪಸ್ ತೆಗೆದುಕೊಂಡಿಲ್ಲ.

ಯಂತ್ರದ ಮೇಲಿರುವಾಗ ಜಪಸರ ಹೇಳುತ್ತೇನೆ. ಎಡಗೈ ಅಲ್ಲಾಡಿಸುವಂತಿಲ್ಲ, ಬಲಗೈಯಲ್ಲೇ ಮಣಿ ಎಣಿಸುತ್ತೇನೆ. ಹತ್ತು ಹತ್ತು ಮಣಿಗೆ ಯೇಸು, ಮರಿಯರ ಬದುಕಿನ ಒಂದೊಂದು ಘಟನೆ ಧ್ಯಾನಿಸಬೇಕು, ಅದನ್ನೇ ರಹಸ್ಯ ಅನ್ನುತ್ತೇವೆ. ಮಂಗಳವಾರ ದುಃಖದ ರಹಸ್ಯಗಳು, ಗುರುವಾರ ಬೆಳಕಿನವು, ಶನಿವಾರ ಸಂತೋಷದವು. ಲೆಕ್ಕಕ್ಕೆ ಸರಿಹೋಗಿದೆ, ಏಕೆಂದರೆ ಮಂಗಳವಾರವೇ ನನಗೆ ಎಲ್ಲಕ್ಕಿಂತ ಕಷ್ಟದ ದಿನ. ನಾಲ್ಕು ಗಂಟೆಯಲ್ಲಿ ಇಪ್ಪತ್ತೂ ರಹಸ್ಯ ಮುಗಿಸಬಹುದು. ಆದರೆ ನನಗೆ ಮೂರನೇ ಹತ್ತಕ್ಕೇ ನಿದ್ದೆ. ಅಮ್ಮ ಅದಕ್ಕೂ ಒಂದು ಸಮಾಧಾನ ಹೇಳಿದ್ದಾರೆ. ಅರ್ಧಕ್ಕೆ ನಿದ್ದೆ ಹೋದರೆ ಉಳಿದದ್ದನ್ನು ಕಾವಲು ದೂತರು ಹೇಳಿ ಮುಗಿಸುತ್ತಾರಂತೆ. ನನ್ನ ದೂತನಿಗೆ ಈ ಎರಡು ವರ್ಷದಲ್ಲಿ ಗಂಟಲು ಕಟ್ಟಿರಬೇಕು.

ಬಲಗಡೆ ಹಾಸಿಗೆಯಲ್ಲಿ ನಂಜನಗೂಡಿನ ಮೇಷ್ಟ್ರು ಇದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ದೇವರನ್ನು ನಂಬುವುದಿಲ್ಲ ಅನ್ನುತ್ತಿದ್ದರು, ಆದರೆ ನನ್ನ ಜಪ ನಿಂತರೆ "ಏನ್ರೀ, ಸ್ಟಾಪ್ ಆಯ್ತು?" ಅಂತ ಎಬ್ಬಿಸುತ್ತಿದ್ದರು. ಈ ಯಂತ್ರದ ಕಥೆ ನನಗೆ ಹೇಳಿದವರು ಅವರೇ. ಎರಡನೇ ಮಹಾಯುದ್ಧದ ಸಮಯ. ಹಾಲೆಂಡ್ ಜರ್ಮನರ ಕೈಯಲ್ಲಿತ್ತು. ಕಾಂಪೆನ್ ಅನ್ನುವ ಊರಿನಲ್ಲಿ ವಿಲ್ಲೆಮ್ ಕೋಲ್ಫ್ ಅಂತ ಒಬ್ಬ ಡಾಕ್ಟರು. ಸಾಮಾನು ಸಿಗದ ಕಾಲ. ಮಾಂಸದ ಸಾಸೇಜು ಮಾಡಲು ಬಳಸುವ ಸೆಲ್ಲೋಫೇನ್ ಕೊಳವೆಯನ್ನು ಒಂದು ಉರುಳೆಗೆ ಸುತ್ತಿ ಮೊದಲ ಯಂತ್ರ ಮಾಡಿದ. 1943ರಿಂದ ಒಬ್ಬರಾದ ಮೇಲೆ ಒಬ್ಬರಿಗೆ ಹಚ್ಚಿದ. ಒಬ್ಬರಲ್ಲ, ಇಬ್ಬರಲ್ಲ, ಹದಿನಾರು ಜನಕ್ಕೆ ಮಾಡಿದರೂ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸಿಗೆ ಹಚ್ಚಿದಾಗ ಪ್ರಜ್ಞೆ ತಪ್ಪಿದ್ದವರು ಕಣ್ಣು ಬಿಟ್ಟರು. ಆಕೆ ನಾಜಿಗಳ ಪರ ಇದ್ದಳು ಅಂತ ಜೈಲಿನಲ್ಲಿದ್ದವಳು. ಊರಿನವರಿಗೆ ಬೇಡವಾಗಿದ್ದವಳು.

"ಹದಿನಾರು ಜನ ಆದಮೇಲೂ ಆ ಮನುಷ್ಯ ಹದಿನೇಳನೇ ಸಲ ಯಂತ್ರ ತೊಳೆದು ಇಟ್ಟನಲ್ಲ," ಅಂದರು ಮೇಷ್ಟ್ರು. "ನಿಮ್ಮ ಬೈಬಲ್ಲಲ್ಲಿ ಅದಕ್ಕೊಂದು ಪದ ಇರ್ಬೇಕು."

ಇದೆ. ಆ ಪದ ಟೈಪ್ ಮಾಡಿ ಮಾಡಿ ನನ್ನ ಬೆರಳೇ ಸವೆದಿತ್ತು. 2025 ನಮ್ಮ ಕಥೋಲಿಕ ಧರ್ಮಸಭೆಗೆ ಜ್ಯೂಬಿಲಿ, ಅಂದರೆ ವಿಶೇಷ ಪವಿತ್ರ ವರ್ಷ. 2024ರ ಡಿಸೆಂಬರ್ 24ರ ರಾತ್ರಿ ಪೋಪ್ ಫ್ರಾನ್ಸಿಸ್ ರೋಮಿನಲ್ಲಿ ಪವಿತ್ರ ದ್ವಾರ ತೆರೆದರು. ವರ್ಷದ ಧ್ಯೇಯ "ಭರವಸೆಯ ಯಾತ್ರಿಕರು". ಕರಪತ್ರ, ಬ್ಯಾನರು, ಹಾಡಿನ ಹಾಳೆ ಎಲ್ಲದರಲ್ಲೂ ಭರವಸೆ. ಒಂದು ಗುರುವಾರ ಡಯಾಲಿಸಿಸ್ ಮುಗಿಸಿ, ತಲೆ ತಿರುಗುತ್ತಿರುವಾಗಲೇ ಒಂದು ಫ್ಲೆಕ್ಸ್ ಮಾಡಿ ಕೊಟ್ಟೆ. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಸಾಲು. "ಭರವಸೆ ನಮ್ಮನ್ನು ನಿರಾಶೆಗೊಳಿಸುವುದಿಲ್ಲ" ಅಂತ ಆಗಬೇಕಿತ್ತು. ನಾನು "ನಿರಾಶೆಗೊಳಿಸುವುದು" ಅಂತ ಹೊಡೆದಿದ್ದೆ. ಪುಣ್ಯಕ್ಕೆ ಪ್ರೂಫ್ ನೋಡಲು ಫಾದರ್ ಬಂದರು. "ಏನಪ್ಪಾ, ಸಂತ ಪೌಲರನ್ನೇ ತಿದ್ದಿಬಿಟ್ಟಿದ್ದೀಯಲ್ಲ?" ನಾನು ತಿದ್ದಲು ಕೂತೆ. ನಿಜ ಹೇಳಬೇಕಂದರೆ ಆ ದಿನ ನನಗೆ ತಪ್ಪಾಗಿದ್ದೇ ಸರಿ ಅನ್ನಿಸಿತ್ತು. ಬ್ಯಾಕ್‌ಸ್ಪೇಸ್ ಒತ್ತಿದೆ. "ದಿಲ್ಲ" ಸೇರಿಸಿದೆ. ಮನಸ್ಸು ಒಪ್ಪದಿದ್ದರೂ ಬೆರಳು ಒಪ್ಪಿತು.

ಪವಿತ್ರ ದ್ವಾರ ತೆರೆದ ನಾಲ್ಕು ತಿಂಗಳಿಗೆ, ಈಸ್ಟರ್ ಮಾರನೇ ದಿನ, ಏಪ್ರಿಲ್ 21ಕ್ಕೆ, ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಅದರ ಫ್ಲೆಕ್ಸೂ ನಾನೇ ಮಾಡಿದೆ.

ನನ್ನ ಅಂಗಡಿಗೆ ಬರುವ ಕೆಲಸದಲ್ಲಿ ಶ್ರದ್ಧಾಂಜಲಿಯೇ ಜಾಸ್ತಿ. ಫೋಟೊ, ಹುಟ್ಟಿದ ತಾರೀಖು, ಮರಣದ ತಾರೀಖು, ಎರಡು ದೀಪ, ಕೆಳಗೆ "ಮತ್ತೆ ಹುಟ್ಟಿ ಬನ್ನಿ". ನಮ್ಮ ಧರ್ಮದಲ್ಲಿ ಮರುಹುಟ್ಟು ಇಲ್ಲ, ಪುನರುತ್ಥಾನ ಇದೆ. ಆದರೂ ದಿನಕ್ಕೆ ಮೂರು ನಾಲ್ಕು ಜನರನ್ನು ಮತ್ತೆ ಹುಟ್ಟಿ ಬನ್ನಿ ಅಂತ ಕರೆಯುತ್ತಿರುತ್ತೇನೆ. ಇದನ್ನು ಮೇಷ್ಟ್ರಿಗೆ ಹೇಳಿ ನಗುತ್ತಿದ್ದೆ. ಅವರು, "ನನಗೆ ಮಾತ್ರ ಆ ಲೈನು ಹಾಕ್ಬೇಡಿ ಮಾರಾಯ್ರೆ. ಇಷ್ಟು ಚುಚ್ಚಿಸ್ಕೊಂಡಿದ್ದು ಸಾಕು" ಅಂದಿದ್ದರು.

ಕಳೆದ ನವೆಂಬರಿನ ಒಂದು ಮಂಗಳವಾರ ಬಲಗಡೆ ಹಾಸಿಗೆಗೆ ಹೊಸ ಬೆಡ್‌ಶೀಟು ಹಾಕಿತ್ತು. ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾವೂ ಕೇಳುವುದಿಲ್ಲ. ಭಾಯ್ ಆ ಕಡೆ ನೋಡಿ, ನನ್ನ ಕಡೆ ನೋಡಿ, ಕಣ್ಣು ಮುಚ್ಚಿಕೊಂಡರು. ಭಾನುವಾರ-ಸೋಮವಾರದ ಆ ಉದ್ದದ ಗ್ಯಾಪಿನಲ್ಲೇ ಹೋಗಿದ್ದರು. ಸಂಜೆ ಅವರ ಮಗ ಫೋಟೊ ಕಳಿಸಿದ. ನಾನು ಮಾಡಿದೆ, ದುಡ್ಡು ತೆಗೆದುಕೊಳ್ಳಲಿಲ್ಲ. "ಅಂಕಲ್, ಕೆಳಗೆ ಮತ್ತೆ ಹುಟ್ಟಿ ಬನ್ನಿ ಇಲ್ವಲ್ಲ?" ಅಂತ ಕೇಳಿದ. "ನಿಮ್ಮಪ್ಪನೇ ಬೇಡ ಅಂದಿದ್ರಪ್ಪ" ಅಂದೆ. ಸುಮಾರು ಹೊತ್ತು ಏನೂ ಬರಲಿಲ್ಲ. ಆಮೇಲೆ ನಗುವ ಮುಖ ಒಂದು, ಅಳುವ ಮುಖ ಒಂದು ಬಂತು.

ಆ ಬುಧವಾರ ಸಂಜೆ ಅಂಗಡಿ ಬೇಗ ಮುಚ್ಚಿ ಚರ್ಚಿಗೆ ಹೋದೆ. ಪ್ರವಾಸಿಗಳೆಲ್ಲ ಮೇಲೆ ನೋಡಿಕೊಂಡು ನಿಂತಿರುತ್ತಾರೆ. 175 ಅಡಿಯ ಎರಡು ಗೋಪುರ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ್ದು. ನನಗೆ ಬೇಕಾಗಿದ್ದು ಕೆಳಗೆ. ಮೆಟ್ಟಿಲು ಇಳಿದು ನೆಲಮಾಳಿಗೆಗೆ ಹೋದರೆ ಅಲ್ಲಿ ಫಿಲೋಮಿನಾಳ ಮಲಗಿದ ಪ್ರತಿಮೆ ಇದೆ. ಈ ಸಂತಳ ವಿಷಯ ನನಗೆ ಇಷ್ಟವಾಗಲು ಒಂದು ಕಸುಬಿನ ಕಾರಣ ಇದೆ. 1802ರಲ್ಲಿ ರೋಮಿನ ನೆಲದಡಿಯ ಸಮಾಧಿಗಳಲ್ಲಿ ಒಂದನ್ನು ಮುಚ್ಚಿದ್ದ ಮೂರು ಹೆಂಚು ಸಿಕ್ಕವು. ಮೇಲಿದ್ದ ಲ್ಯಾಟಿನ್ ಅಕ್ಷರ ಓದಿದರೆ "ಲುಮೆನಾ ಪಾಕ್ಸ್ ತೇಕುಮ್ ಫಿ". ಅರ್ಥವೇ ಇಲ್ಲ. ಮೊದಲ ಹೆಂಚನ್ನು ಕೊನೆಗೆ ಇಟ್ಟರೆ "ಪಾಕ್ಸ್ ತೇಕುಮ್ ಫಿಲುಮೆನಾ", ಅಂದರೆ ಫಿಲುಮೆನಾ, ನಿನಗೆ ಶಾಂತಿ. ಹೆಂಚು ಕೂರಿಸಿದವನು ಪುಟ ಹಿಂದುಮುಂದು ಮಾಡಿದ್ದ, ಅಷ್ಟೆ. ಆಕೆಯ ವಿಷಯ ನಂಬುವಂಥ ದಾಖಲೆ ಇನ್ನೇನೂ ಇಲ್ಲ. 1961ರಲ್ಲಿ ರೋಮಿನವರು ಆಕೆಯ ಹಬ್ಬವನ್ನು ಪಂಚಾಂಗದಿಂದಲೇ ತೆಗೆಸಿದರು. ಆದರೂ ಮೈಸೂರಿನವರು ಬರುವುದನ್ನು ನಿಲ್ಲಿಸಲಿಲ್ಲ. ಮೊಂಬತ್ತಿ ಹಚ್ಚುವವರಲ್ಲಿ ಅರ್ಧ ಜನ ಕಥೋಲಿಕರೇ ಅಲ್ಲ. ಮೇಷ್ಟ್ರಿಗಾಗಿ ಒಂದು ಹಚ್ಚಿದೆ. ಅವರು ಇದ್ದಿದ್ದರೆ ಬೈಯುತ್ತಿದ್ದರು. ಆಮೇಲೆ "ಎಷ್ಟು ರೂಪಾಯಿದು?" ಅಂತ ಕೇಳುತ್ತಿದ್ದರು.

ಕಿಡ್ನಿ ಕಸಿಯ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಮನೆಯವರದ್ದು ಹೊಂದಲಿಲ್ಲ. ನಮ್ಮ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರಿದೆ. ಫೋನ್ ಯಾವಾಗ ಬೇಕಾದರೂ ಬರಬಹುದು. ಮೊದಲು ದಿನಾ ರಾತ್ರಿ ಅದಕ್ಕಾಗಿ ಪ್ರಾರ್ಥನೆ ಮಾಡುತ್ತಿದ್ದೆ. ಒಂದು ರಾತ್ರಿ ನಡುವೆಯೇ ನಿಂತುಹೋಯಿತು. ನಾನು ಕೇಳುತ್ತಿರುವುದು ಏನನ್ನು? ಎಲ್ಲೋ ರಿಂಗ್ ರೋಡಿನಲ್ಲಿ ಯಾವುದೋ ಹುಡುಗ ಬೈಕಿನಿಂದ ಬೀಳಬೇಕು, ಅವನ ಮಿದುಳು ಸಾಯಬೇಕು. ಆಗ ನನ್ನ ಫೋನ್ ಹೊಡೆದುಕೊಳ್ಳಬೇಕು. ಇದು ಪ್ರಾರ್ಥನೆಯಾ? ಅಂಗದಾನ ದೊಡ್ಡ ಪುಣ್ಯದ ಕೆಲಸ ಅಂತ ಪೋಪ್ ಎರಡನೇ ಜಾನ್ ಪಾಲ್ 1995ರಲ್ಲೇ ಬರೆದಿದ್ದಾರೆ, ಅದು ನನಗೆ ಗೊತ್ತು. ಅವರು ಬರೆದಿದ್ದು ಕೊಡುವವರ ಕಡೆಯಿಂದ. ಕಾಯುವವನು ಏನಂತ ಕೇಳಬೇಕು? ಎರಡು ವಾರ ಆ ಪ್ರಾರ್ಥನೆ ಬಿಟ್ಟೇಬಿಟ್ಟೆ.

ಅಮ್ಮನಿಗೆ ಇದನ್ನು ಹೇಳಲು ನಾಚಿಕೆಯಾಯಿತು. ಹೇಳಿದೆ.

"ಸಾಯೋರು ನೀನು ಕೇಳಿದ್ರೂ ಸಾಯ್ತಾರೆ, ಕೇಳ್ದೆ ಇದ್ರೂ ಸಾಯ್ತಾರೆ. ಅದು ನಿನ್ ಕೈಲಿಲ್ಲ," ಅಂದರು. "ಅವತ್ತು ಆ ಮನೆಯೋರಿಗೆ ಗಟ್ಟಿ ಮನ್ಸು ಕೊಡಪ್ಪಾ ಅಂತ ಕೇಳು. ಅಷ್ಟು ಸಾಕು."

ಈಗ ಹಾಗೇ ಕೇಳುತ್ತೇನೆ. ನನಗೆ ಗೊತ್ತಿಲ್ಲದ ಒಂದು ಮನೆ, ಈ ಹೊತ್ತಿನಲ್ಲಿ ಊಟಕ್ಕೆ ಕೂತಿರಬಹುದಾದ ಒಂದು ಮನೆ. ಅವರ ಮಗ ತಡವಾಗಿಯಾದರೂ ಮನೆ ಸೇರಲಿ ಅಂತಲೂ ಸೇರಿಸುತ್ತೇನೆ.

ಅಮ್ಮನ ತವರು ಹಾಸನದ ಕಡೆ ಶೆಟ್ಟಿಹಳ್ಳಿ. ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಪಾಳುಬಿದ್ದ ಚರ್ಚಿನ ಫೋಟೊ ನೀವು ನೋಡಿಯೇ ಇರುತ್ತೀರಿ. ಮದುವೆಗೆ ಮುಂಚೆ ಫೋಟೊ ತೆಗೆಸುವವರಿಗೆ ಅದು ಬಲು ಇಷ್ಟದ ಜಾಗ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನ ಅಣೆಕಟ್ಟಿಗಾಗಿ ಊರು ಖಾಲಿಯಾಯಿತು, ಜನ ಬೇರೆಬೇರೆ ಕಡೆ ಚದುರಿದರು. ಮಳೆಗಾಲದಲ್ಲಿ ಗೋಡೆ ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ನಡೆದುಕೊಂಡೇ ಒಳಗೆ ಹೋಗಬಹುದು. ಅಮ್ಮನ ದೀಕ್ಷಾಸ್ನಾನ ಆಗಿದ್ದು ಅಲ್ಲೇ. "ಮೊದ್ಲು ಅಲ್ಲಿ ನಮಗೆ ದೀಕ್ಷಾಸ್ನಾನ ಆಯ್ತು, ಆಮೇಲೆ ಚರ್ಚಿಗೇ ಆಯ್ತು" ಅನ್ನುತ್ತಾರೆ. ಹೇಳುವಾಗ ನಗುತ್ತಾರೆ. ಆದರೆ ಫೋಟೊ ತೋರಿಸಿದರೆ ಮುಖ ತಿರುಗಿಸುತ್ತಾರೆ.

ಈ ತಪಸ್ಸುಕಾಲದಲ್ಲಿ ಒಂದು ಗುರುವಾರ ವಾರ್ಡಿನ ಟೆಕ್ನಿಷಿಯನ್ ಹುಡುಗ ಹಿಂದುಗಡೆಯ, ನೀರು ಶುದ್ಧ ಮಾಡುವ ಆರ್‌ಒ ರೂಮು ತೋರಿಸಿದ. ದೊಡ್ಡ ದೊಡ್ಡ ಸಿಲಿಂಡರುಗಳು, ಪೈಪುಗಳು, ಗುಂಯ್ ಅನ್ನುವ ಸದ್ದು. "ನಿಮಗೆ ಒಂದು ಸಲಕ್ಕೆ ನೂರಿಪ್ಪತ್ತು ಲೀಟರ್ ನೀರು ಬೇಕು ಸರ್," ಅಂದ. ನಿಮಿಷಕ್ಕೆ ಅರ್ಧ ಲೀಟರ್, ನಾಲ್ಕು ಗಂಟೆ, ಲೆಕ್ಕ ಸರಿಯಾಗಿದೆ. ಫಿಲ್ಟರಿನೊಳಗೆ ಕೂದಲಿನಷ್ಟು ಸಣ್ಣ ಕೊಳವೆಗಳಲ್ಲಿ ನನ್ನ ರಕ್ತ ಒಂದು ದಿಕ್ಕಿಗೆ ಹರಿಯುತ್ತದೆ. ಹೊರಗಡೆ ನೀರು ಎದುರು ದಿಕ್ಕಿಗೆ. ಕೊಳೆ, ಬೇಡದ ನೀರು ಆ ಕಡೆಗೆ ದಾಟುತ್ತವೆ. ದಿನಕ್ಕೆ ಒಂದು ಲೀಟರ್ ಕುಡಿಯುವ ನನ್ನನ್ನು ತೊಳೆಯಲು 120 ಲೀಟರ್! ಅವತ್ತು ಜಪಸರದ ಎರಡನೇ ರಹಸ್ಯ, ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರಿನ ಮದುವೆ. ಅಲ್ಲಿದ್ದ ಆರು ಕಲ್ಲಿನ ಬಾನಿಗಳಲ್ಲಿ ಒಂದೊಂದಕ್ಕೆ 80ರಿಂದ 120 ಲೀಟರ್ ಹಿಡಿಯುತ್ತಿತ್ತು ಅಂತ ಓದಿದ್ದೆ. ಅಂದರೆ ನನಗೆ ಸಲಕ್ಕೆ ಒಂದು ಬಾನಿ.

"ನೀರು ಎಲ್ಲಿಂದ ಬರುತ್ತಪ್ಪ?" ಅಂತ ಕೇಳಿದೆ.

"ಕಾರ್ಪೊರೇಷನ್ದೇ ಸರ್. ಕೆಆರ್‌ಎಸ್ ನೀರು."

ಮಲಗಿದಲ್ಲೇ ನಕ್ಷೆ ನೆನಪು ಮಾಡಿಕೊಂಡೆ. ಗೊರೂರು ದಾಟಿ ಹೇಮಾವತಿ ಕೆಳಗೆ ಬರುತ್ತಾಳೆ. ಕೆ.ಆರ್.ಪೇಟೆಯ ಅಂಬಿಗರಹಳ್ಳಿ ಹತ್ತಿರ ಕಾವೇರಿಗೆ ಸೇರುತ್ತಾಳೆ. ಅಲ್ಲಿಂದ ಕನ್ನಂಬಾಡಿ. ಕನ್ನಂಬಾಡಿಯಿಂದ ಪಂಪ್ ಮಾಡಿ ಮೈಸೂರಿಗೆ. ಅಮ್ಮನ ಚರ್ಚನ್ನು ಮುಳುಗಿಸಿದ ನೀರು ಅದರ ಗೋಡೆ ಸವರಿಕೊಂಡು, ಇಷ್ಟು ದೂರ ಬಂದು, ಆರ್‌ಒ ರೂಮಿನಲ್ಲಿ ಜರಡಿಯಾಗಿ, ವಾರಕ್ಕೆ ಮೂರು ಸಲ ನನ್ನ ರಕ್ತದ ಪಕ್ಕದಲ್ಲಿ ಹರಿಯುತ್ತಿದೆ. ಇದರಲ್ಲಿ ದೇವರ ಕೈ ಇದೆಯಾ, ಬರೀ ಇಳಿಜಾರಿನ ಕೆಲಸವಾ, ನಾನು ಹೇಳಲಾರೆ. ಮೇಷ್ಟ್ರು ಇದ್ದಿದ್ದರೆ ಇಳಿಜಾರು ಅನ್ನುತ್ತಿದ್ದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಹತ್ತಿರ ಬಂದು ಪಟ್ಟಿ ಹಾಕಿದ್ದ ನನ್ನ ಎಡಗೈ ಮುಟ್ಟಿದರು. ಫಿಸ್ಟುಲಾ ಇರುವ ಕಡೆ ಬೆರಳಿಟ್ಟರೆ ಒಳಗೆ ದುಂಬಿ ಹಾರಿದ ಹಾಗೆ ಗುಂಯ್‌ಗುಡುತ್ತದೆ. ಶುದ್ಧರಕ್ತನಾಳವನ್ನೂ ಮಲಿನರಕ್ತನಾಳವನ್ನೂ ಸೇರಿಸಿ ಹೊಲಿದ ಜಾಗ ಅದು. ಆ ಗುಂಯ್ ನಿಂತರೆ ಆಸ್ಪತ್ರೆಗೆ ಓಡಬೇಕು. ಅಮ್ಮ ಹೆಬ್ಬೆರಳಿನಲ್ಲಿ ಅದರ ಮೇಲೆ ಒಂದು ಶಿಲುಬೆ ಗುರುತು ಎಳೆದು, ಊಟಕ್ಕೆ ಏಳು ಅಂದರು.

ಶುಭ ಶುಕ್ರವಾರ ಮಧ್ಯಾಹ್ನ ಮೂರು ಗಂಟೆ. ಏಪ್ರಿಲ್ ಬಿಸಿಲು. ನಿಲ್ಲಲು ಆಗದೆ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಯೇಸು ಶಿಲುಬೆಯ ಮೇಲೆ ಪಟ್ಟ ಪಾಡುಗಳ ವಾಚನ ನಡೆಯುತ್ತಿತ್ತು. ನನ್ನ ಬಾಟಲಿಯಲ್ಲಿ ರಾತ್ರಿ ತನಕ 200 ಎಂಎಲ್ ಉಳಿದಿತ್ತು. "ನನಗೆ ದಾಹವಾಗಿದೆ" ಅನ್ನುವ ಸಾಲು ಬಂತು. ಪ್ರತಿ ವರ್ಷ ಕೇಳಿದ್ದೇನೆ. ಆ ಮಾತಿಗೆ ದೊಡ್ಡ ದೊಡ್ಡ ಅರ್ಥ ಹೇಳುವುದನ್ನೂ ಕೇಳಿದ್ದೇನೆ, ಆತ್ಮಗಳ ದಾಹ ಅಂತೆಲ್ಲ. ಈ ಸಲ ನನಗೆ ಆ ಅರ್ಥ ಯಾವುದೂ ಬೇಕಾಗಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡ ಒಬ್ಬ ಮನುಷ್ಯ ನೀರು ಕೇಳಿದ. ಕೊಟ್ಟಿದ್ದು ಹುಳಿರಸ. ಬಾಯಾರಿದ ಬಾಯಿಗೆ ಹುಳಿ ಹೇಗಿರುತ್ತೆ ಅಂತ ನನಗೆ ಗೊತ್ತು, ನಿಂಬೆಹಣ್ಣಿನ ಹೋಳು ನೆಕ್ಕುವುದು ನಮ್ಮ ವಾರ್ಡಿನ ಇನ್ನೊಂದು ಉಪಾಯ. ಇನ್ನು ಕೆಲವು ಸಾಲು ಮುಂದೆ ಹೋದರೆ ಪಕ್ಕೆಯಿಂದ ರಕ್ತವೂ ನೀರೂ ಹರಿಯಿತು ಅಂತ ಬರುತ್ತದೆ. ನನ್ನ ಬಲಗೈ ತಾನಾಗಿಯೇ ಎಡಗೈ ಮಣಿಕಟ್ಟಿನ ಮೇಲೆ ಹೋಯಿತು. ಗುಂಯ್ ಅನ್ನುತ್ತಿತ್ತು.

ಮರುದಿನ ಶನಿವಾರ ಯಂತ್ರದ ಪಾಳಿ. ಸಂಜೆ ತನಕ ಮಲಗಿದ್ದು ರಾತ್ರಿ ಪಾಸ್ಖ ಜಾಗರಣೆಗೆ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ ಪೂಜೆಗೆ, ಎಲ್ಲರೂ ಹೋದೆವು. ದೀಪವೆಲ್ಲ ಆರಿಸಿದ ಕತ್ತಲು, ಹೊರಗೆ ಹೊಸ ಬೆಂಕಿ, ಕೈಯಿಂದ ಕೈಗೆ ಮೊಂಬತ್ತಿ. ಓದಿನ ಮೇಲೆ ಓದು. ಸೃಷ್ಟಿಯಿಂದ ಶುರುಮಾಡಿ ಕೆಂಪು ಸಮುದ್ರ ದಾಟುವ ತನಕ ಬರೀ ನೀರೇ ನೀರು. ಆಮೇಲೆ ನೀರು ಮಂತ್ರಿಸಿ, ಫಾದರ್ ಪ್ರೋಕ್ಷಣೆ ಮಾಡಲು ಹೊರಟರು. ಅವರದ್ದು ಧಾರಾಳ ಕೈ. ಬಕೆಟ್ಟಿಗೆ ಅದ್ದಿ ಬೀಸಿದರೆ ಎರಡು ಬೆಂಚಿನವರು ನೆನೆಯುತ್ತಾರೆ. ನಮ್ಮ ಸಾಲಿಗೆ ಬಂದಾಗ ಅಮ್ಮ ಮುಖ ಮುಂದೆ ಚಾಚಿದರು. ನನ್ನ ಕನ್ನಡಕದ ಮೇಲೆ ಬಿತ್ತು, ಹಣೆ ಮೇಲೆ ಬಿತ್ತು. ಒಂದು ದಪ್ಪ ಹನಿ ನೇರವಾಗಿ ಮೇಲ್ತುಟಿಯ ಮೇಲೆ. ತಣ್ಣಗಿತ್ತು. ಯೋಚನೆ ಮಾಡುವ ಮೊದಲೇ ನಾಲಿಗೆ ಚಾಚಿ ನೆಕ್ಕಿಬಿಟ್ಟೆ.

ಹೆಂಡತಿ ನೋಡಿದಳು. ಮೊಂಬತ್ತಿ ಬೆಳಕಿನಲ್ಲಿ ಹುಬ್ಬು ಗಂಟಿಕ್ಕಿದ್ದು ಕಾಣಿಸಿತು.

"ರೀ," ಅಂದಳು ಪಿಸುದನಿಯಲ್ಲಿ, "ಅದನ್ನೂ ಲೆಕ್ಕಕ್ಕೆ ಹಿಡೀರಿ."